ಪಿಲಿ ಅತ್ತ್, ಪುಚ್ಚೆ

ಹುಡುಗನಿಗೆ 17 ವರ್ಷ. ಉಡುಪಿ ಹತ್ತಿರದ ಊರು, ದ್ವಿತೀಯ ಪಿಯುಸಿ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಕೃಷ್ಣಾಷ್ಟಮಿಗೆ ಎರಡು ತಿಂಗಳಿರುವಾಗ ಅಮ್ಮ ನನ್ನ ಹತ್ತಿರ ಕೌನ್ಸೆಲಿಂಗಿಗೆ ಕರೆದುಕೊಂಡು ಬಂದರು. "ಅನ್ನ ಮುಟ್ಟುವುದೇ ಇಲ್ಲ ಮೇಡಂ. ಬರೀ ಆ ಪ್ರೋಟೀನ್ ಪೌಡರು." ಆ ದಿನ ಮಳೆ ಸ್ವಲ್ಪ ಬಿಟ್ಟು ಸೆಖೆಯಾಗುತ್ತಿತ್ತು. ಆದರೂ ಹುಡುಗ ಜಾಕೆಟ್ ತೆಗೆಯಲಿಲ್ಲ.

ಮೊದಲ ದಿನ ನಾನೇ ಎಡವಿದೆ. "ಚೆನ್ನಾಗೇ ಇದ್ದೀಯಲ್ಲ ಮಾರಾಯ" ಅಂದುಬಿಟ್ಟೆ. "ಹಾಂ ಮೇಡಂ" ಅಂದವನು ಮತ್ತೆ ಬಾಯಿ ಬಿಡಲಿಲ್ಲ. ಇಷ್ಟು ವರ್ಷ ಈ ಕೆಲಸ ಮಾಡಿಯೂ ಆ ಮಾತು ಬಾಯಿಗೆ ಬರುತ್ತದೆ ನೋಡಿ.

ಎರಡನೇ ಸಲ ಫೋನ್ ಮುಂದಿಟ್ಟ. ಹಿಂದಿನ ಅಷ್ಟಮಿಗೆ ಮೊದಲ ಬಾರಿ ಹುಲಿವೇಷ ಹಾಕಿದ್ದ. ಯಾರೋ ರೀಲ್ ಮಾಡಿ ಹಾಕಿದ್ದರು. ಕೆಳಗೆ ಕ್ಲಾಸಿನವನೊಬ್ಬ ತುಳುವಿನಲ್ಲಿ ಬರೆದಿದ್ದ: "ಪಿಲಿ ಅತ್ತ್, ಪುಚ್ಚೆ." ಹುಲಿ ಅಲ್ಲ, ಬೆಕ್ಕು. ಅದಕ್ಕೆ ಬಿದ್ದ ನಗುಮುಖಗಳು 46. ಲೆಕ್ಕ ಅವನಿಗೆ ಬಾಯಿಪಾಠ.

ಆಮೇಲೆ ಅವನು ಗಟ್ಟಿ ಮೈಯ ಹುಲಿಗಳನ್ನೇ ಹುಡುಕಿ ನೋಡಿದ. ನಿಂತು ನೋಡಿದ್ದನ್ನೇ ಫೋನು ಮತ್ತೆ ಮತ್ತೆ ಬಡಿಸುತ್ತದಲ್ವಾ? ಹುಲಿ ಹೋಗಿ ಜಿಮ್ ಬಂತು. ಅದರಲ್ಲೊಬ್ಬ, ಎರಡು ದಿನ ನೀರು ಬಿಟ್ಟರೆ ಮೈಯ ಗೆರೆ ಎದ್ದು ಕಾಣುತ್ತದೆ ಅಂದಿದ್ದ. ಇವನೂ ಅಷ್ಟಮಿಗೆ ಅದನ್ನೇ ಮಾಡುವವನಿದ್ದ! ಬಣ್ಣ ಬಳಿದುಕೊಂಡು ಬಿಸಿಲಲ್ಲಿ ಕುಣಿಯುವವನು ನೀರು ಬಿಟ್ಟರೆ ಆಸ್ಪತ್ರೆಯೇ ಗತಿ. ಅದನ್ನು ಮಾತ್ರ ಅಮ್ಮನ ಎದುರೇ ಖಡಾಖಂಡಿತ ಹೇಳಿದೆ.

ಪೌಡರಿನದು ಕೂತು ಲೆಕ್ಕ ಹಾಕಿದೆವು. ತೂಕ 52 ಕೆಜಿ. ದಿನಕ್ಕೆ ಕೆಜಿಗೆ ಸುಮಾರು 1 ಗ್ರಾಂ ಪ್ರೋಟೀನ್ ಹಿಡಿದರೂ 52 ಗ್ರಾಂ. ವ್ಯಾಯಾಮ ಮಾಡುವವನಿಗೆ ಇನ್ನೂ ಸ್ವಲ್ಪ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಬಂಗುಡೆಯಲ್ಲಿ ಹತ್ತಿರ ಹತ್ತಿರ 20. ಅಮ್ಮ ಮಾಡುವ ಸಾರಲ್ಲೇ ಅರ್ಧ ಬಂತು. ಡಬ್ಬವನ್ನು ವೈದ್ಯರಿಗೆ ತೋರಿಸುವ ತನಕ ಮುಟ್ಟುವುದಿಲ್ಲ ಅಂತ ಒಪ್ಪಿದ. ಅನ್ನಕ್ಕೆ ಒಪ್ಪಲು ಮತ್ತೂ ಮೂರು ವಾರ ಬೇಕಾಯಿತು.

ಮೈಕಟ್ಟಿನ ಈ ಗೀಳನ್ನು ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲೇ ಸೇರಿಸಿಕೊಂಡಿದೆ. ಇವನು ಅಲ್ಲಿಯ ತನಕ ಹೋಗಿರಲಿಲ್ಲ. ಕಾಲೇಜು, ಗೆಳೆಯರು, ನಿದ್ದೆ ಇನ್ನೂ ಇತ್ತು. ಅದು ಕೆಟ್ಟರೆ ಮನೋವೈದ್ಯರ ಹತ್ತಿರ ಹೋಗಲೇಬೇಕು ಅಂದೆ. ರಾತ್ರಿ ಯಾರೂ ಸಿಗದಿದ್ದರೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರು 14416 ಕೂಡ ಬರೆದುಕೊಟ್ಟೆ.

ಫೋನ್ ಕಿತ್ತುಕೊಳ್ಳಬೇಡಿ ಅಂತ ಅಮ್ಮನಿಗೆ ಹೇಳಿದೆ. ಅವನೇ ಕೂತು ಜಿಮ್ ರೀಲ್‌ಗಳಿಗೆ "ಬೇಡ" ಒತ್ತಿದ. ಕನ್ನಡಿ ದಿನಕ್ಕೆ ಎರಡು ಸಲ, ತಲೆ ಬಾಚುವಷ್ಟು ಹೊತ್ತು. ಮದುವೆ, ಪೂಜೆಯಲ್ಲಿ "ಎಷ್ಟು ಸಪೂರ ಆಗಿದ್ದಿ" ಅನ್ನುವ ಮಾವಂದಿರನ್ನು ಅಮ್ಮನೇ ತಡೆಯಬೇಕು. ಅವರಿಗೆ ಇದು ಎಲ್ಲಕ್ಕಿಂತ ಕಷ್ಟವಾಯಿತು, ಅಣ್ಣಂದಿರಲ್ವಾ.

ಅಪ್ಪನೂ ಹಿಂದೆ ವೇಷ ಹಾಕುತ್ತಿದ್ದರಂತೆ. ಹಳೆಯ ಫೋಟೋ ತರಲು ಹೇಳಿದೆ. ಅಪ್ಪ ಹುಲ್ಲಿನಲ್ಲಿ ಕಟ್ಟಿದ ಅಕ್ಕಿಮುಡಿಯನ್ನು ಹಲ್ಲಲ್ಲಿ ಕಚ್ಚಿ ಎತ್ತುತ್ತಿದ್ದಾರೆ, ಹೊಟ್ಟೆ ಪಟ್ಟಿಯ ಮೇಲೆ ಇಳಿದಿದೆ. ಹುಡುಗ ತುಂಬ ಹೊತ್ತು ನೋಡಿದ. "ಮುಡಿ ಎತ್ತಿದ್ರಾ ಮೇಡಂ, ಬಿತ್ತಾ?" ಅಂತ ಕೇಳಿದ. "ನಂಗೇನು ಗೊತ್ತು, ಅಪ್ಪನ ಹತ್ರ ಕೇಳು" ಅಂದೆ.

ಈ ಅಷ್ಟಮಿಗೆ ವೇಷ ಹಾಕಲಿಲ್ಲ. ಅದೇ ತಂಡದ ಜೊತೆ ತಾಸೆ ವಾದ್ಯ ಬಡಿಯಲು ಹೋದ. ಜಾಕೆಟ್ ಇರಲಿಲ್ಲ, ಅಂಗಿ ಇತ್ತು. "ಕುಣಿಯಲು ನೀವಾದರೂ ಹೇಳಿ" ಅಂತ ಅಮ್ಮ ಫೋನ್ ಮಾಡಿದ್ದರು. ಬೇಡ, ಸುಮ್ನೆ ಇರಿ ಅಂದೆ.