ಆದಿ ಕ್ರೈಸ್ತ ಸಭೆಗಳಲ್ಲಿ ಮಹಿಳೆಯರು ಬರೀ ಕೇಳುಗರಾಗಿದ್ದರೇ?

ಇಲ್ಲ. ಮೊದಲ ಎರಡು ಶತಮಾನಗಳಲ್ಲಿ ಆರಾಧನೆ ಬಹುಮಟ್ಟಿಗೆ ಮನೆಗಳಲ್ಲೇ ನಡೆಯುತ್ತಿದ್ದುದರಿಂದ, ಆತಿಥ್ಯ, ಸಹಭೋಜನ ಮತ್ತು ಖರ್ಚುಗಳನ್ನು ನಿಭಾಯಿಸುತ್ತಿದ್ದ ಮನೆಯೊಡತಿಯ ಮಾತಿಗೆ ಸಭೆಯಲ್ಲೂ ಸಹಜವಾಗಿ ತೂಕವಿರುತ್ತಿತ್ತು. ಫಿಲಿಪ್ಪಿ ಪಟ್ಟಣದಲ್ಲಿ ಕ್ರೈಸ್ತ ಧರ್ಮಪ್ರಚಾರಕ ಪೌಲನಿಗೆ ಆಶ್ರಯ ನೀಡಿದ ಲುದ್ಯಳು ಧೂಮ್ರವರ್ಣದ ಬಟ್ಟೆಗಳ ವ್ಯಾಪಾರಿ. ಎಫೆಸ ಪಟ್ಟಣದಲ್ಲಿ ಪ್ರಿಸ್ಕಿಲ್ಲಳು ತನ್ನ ಗಂಡ ಅಕ್ವಿಲನೊಡನೆ, ವಿದ್ವಾಂಸನಾಗಿದ್ದ ಅಪೊಲ್ಲೋಸನಿಗೇ ಬೋಧಿಸಿದಳು.

ಇವು ಕ್ರೈಸ್ತರದೇ ಬರಹಗಳ ಮಾತು. ನನಗೆ ಹೆಚ್ಚು ಬಲವಾಗಿ ಕಾಣುವ ಸಾಕ್ಷ್ಯ ಹೊರಗಿನವನೊಬ್ಬನದು: ಸುಮಾರು ಕ್ರಿ.ಶ. 112ರಲ್ಲಿ ಬಿಥೀನಿಯ (ಈಗಿನ ಟರ್ಕಿಯಲ್ಲಿದೆ) ಪ್ರಾಂತ್ಯದ ರೋಮನ್ ಅಧಿಪತಿ ಪ್ಲಿನಿ, ಸಭೆಯಲ್ಲಿ ಸೇವಾಹುದ್ದೆ ಹೊಂದಿದ್ದ ಇಬ್ಬರು ದಾಸಿಯರನ್ನು ಹಿಂಸಿಸಿ ವಿಚಾರಣೆ ನಡೆಸಿದ್ದಾಗಿ ಚಕ್ರವರ್ತಿ ಟ್ರಾಜನ್‌ಗೆ ಬರೆದನು. ಕ್ರೈಸ್ತರನ್ನು ಹೊಗಳಬೇಕಾದ ಯಾವ ದರ್ದೂ ಅವನಿಗಿರಲಿಲ್ಲ. ಹುದ್ದೆಯಲ್ಲಿದ್ದವರು ಸಿರಿವಂತ ಮಹಿಳೆಯರಷ್ಟೇ ಅಲ್ಲ ಎಂಬುದೂ ಇದರಿಂದ ತಿಳಿಯುತ್ತದೆ.

ಆದರೂ ಈ ಅವಕಾಶ ಪ್ರಶ್ನಾತೀತವಾಗಿರಲಿಲ್ಲ. ಬೈಬಲಿನಲ್ಲಿ ಪೌಲನ ಹೆಸರಿನಲ್ಲಿರುವ, ಸ್ತ್ರೀಯು ಉಪದೇಶ ಮಾಡಬಾರದೆನ್ನುವ ‘ತಿಮೊಥೆಯನಿಗೆ ಬರೆದ ಮೊದಲ ಪತ್ರ’ವನ್ನು ಅನೇಕ ವಿದ್ವಾಂಸರು ಪೌಲನ ನಂತರದ ರಚನೆಯೆಂದು ಭಾವಿಸುತ್ತಾರೆ. ಬಿಷಪ್ ಕೇಂದ್ರಿತ ವ್ಯವಸ್ಥೆ ಬಲಗೊಂಡಂತೆ ಬೋಧನೆ ಪುರುಷರ ಪಾಲಾಯಿತು. 3ನೆಯ ಶತಮಾನದ ಸಿರಿಯಾದಲ್ಲಿ ಸಭೆಯ ಸೇವಾಹುದ್ದೆಯಲ್ಲಿದ್ದ ಸೇವಕಿಯರಿಗೆ (ಡೀಕನೆಸ್) ಉಳಿದದ್ದು ಮುಖ್ಯವಾಗಿ ಸ್ತ್ರೀಯರ ದೀಕ್ಷಾಸ್ನಾನದಲ್ಲಿ (ಬ್ಯಾಪ್ಟಿಸಮ್) ನೆರವಾಗುವ ಮತ್ತು ರೋಗಿಗಳಾದ ಸ್ತ್ರೀಯರನ್ನು ಮನೆಗೆ ಹೋಗಿ ಉಪಚರಿಸುವ ಕೆಲಸ.