ಸೇರಿದ ದಿನ ಒಂದೇ ಸಂಬಳ, ಆಮೇಲೆ?

ಹೊಳಲ್ಕೆರೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ಹೋದ ಸಂಚಿಕೆಯಲ್ಲಿ ನಾವು ಹಾಕಿದ ವೇತನ ತಾರತಮ್ಯದ ಲೇಖನ ಓದಿ ಸಿಟ್ಟಾಗಿದ್ದಾರೆ. ಅವರ ಪತ್ರದ ಸಾರ ಇಷ್ಟು: "ಸರ್ಕಾರಿ ನೌಕರಿಯಲ್ಲಿ ಗಂಡಿಗೊಂದು ಹೆಣ್ಣಿಗೊಂದು ಸಂಬಳ ಎಲ್ಲಿದೆ? ನನ್ನ ಮಗಳು, ಅಳಿಯ ಒಂದೇ ಬ್ಯಾಚಿನಲ್ಲಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಆದವರು. ಅವಳು ಎಂ.ಎ., ಅವನು ಬರೀ ಬಿ.ಎ. ಇಬ್ಬರಿಗೂ ಒಂದೇ ಶ್ರೇಣಿ. ಹೆಣ್ಣುಮಕ್ಕಳು ಓದಿದರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ. ಸುಮ್ನೆ ಇಲ್ಲದ ಜಗಳ ಹಚ್ಚಬೇಡಿ."

ಮೇಷ್ಟ್ರೇ, ನಮಸ್ಕಾರ.

ಅರ್ಧ ಮಾತು ಒಪ್ಪಿದೆ. ನಮ್ಮ ಕಡೆ ಹೊಲದ ಕೂಲಿಗೆ ಇವತ್ತಿಗೂ ಗಂಡಾಳಿಗೊಂದು ರೇಟು, ಹೆಣ್ಣಾಳಿಗೊಂದು ರೇಟು. 1976ರಲ್ಲೇ ಸಮಾನ ವೇತನದ ಕಾಯ್ದೆ ಬಂದರೂ ಅದು ಹೊಲದ ಬದು ದಾಟಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಹಾಗಿಲ್ಲ. 2024ರ ಆಗಸ್ಟ್‌ನಿಂದ ಜಾರಿಯಾದ ರಾಜ್ಯದ ಏಳನೇ ವೇತನ ಆಯೋಗದ ಪಟ್ಟಿಯಲ್ಲಿ ಎಫ್‌ಡಿಎ ಮೂಲವೇತನ 44,425 ರೂಪಾಯಿಯಿಂದ ಶುರು, ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) 34,100ರಿಂದ. ಅಲ್ಲಿ ಶ್ರೀ, ಶ್ರೀಮತಿ ಅಂತ ಕಾಲಂ ಇಲ್ಲ.

ಆದರೆ ನೀವು ನೋಡಿದ್ದು ಸೇರಿದ ದಿನದ ಸಂಬಳ. ನಾನು ಹೇಳುತ್ತಿರುವುದು ಇಪ್ಪತ್ತು ವರ್ಷದ ಮೇಲಿನ ಸಂಬಳದ ಬಗ್ಗೆ.

ನಮ್ಮಕ್ಕ ದಾವಣಗೆರೆಯ ಒಂದು ಕಚೇರಿಯಲ್ಲಿ ಎಫ್‌ಡಿಎ. ಅವಳ ಜೊತೆ ಅದೇ ವಾರ ಸೇರಿದ ಗಂಡಸರೊಬ್ಬರಿದ್ದರು. ಬಡ್ತಿ ಬೇಕಾದರೆ ಇಲಾಖಾ ಪರೀಕ್ಷೆ ಪಾಸಾಗಬೇಕು, ನಿಮಗೆ ಗೊತ್ತಲ್ಲ. ಅವರು ಎರಡನೇ ಸಲಕ್ಕೇ ಅಕೌಂಟ್ಸ್ ಹೈಯರ್ ಅನ್ನುವ ಆ ಪರೀಕ್ಷೆ ಮುಗಿಸಿದರು. ಅಕ್ಕನ ಗೈಡು ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿಯ ಪಕ್ಕ ನಿಂತಿರುತ್ತಿತ್ತು. ಒಗ್ಗರಣೆ ಚಟಪಟ ಅನ್ನುವಾಗ ಒಂದು ಪುಟ, ಕುಕ್ಕರ್ ಮೂರು ಸೀಟಿ ಹಾಕುವಷ್ಟರಲ್ಲಿ ಇನ್ನೊಂದು. ಒಂದು ಸಲ ಪರೀಕ್ಷೆಯ ಹಿಂದಿನ ರಾತ್ರಿ ಮಗನಿಗೆ ಜ್ವರ. ಇನ್ನೊಂದು ಸಲ ಅತ್ತೆಗೆ ಆಪರೇಷನ್. ಪಾಸಾಗುವಷ್ಟರಲ್ಲಿ ಆರು ವರ್ಷ ಹೋಯಿತು. ಪುಟದ ತುಂಬಾ ಅರಿಶಿನದ ಬೆರಳಚ್ಚು. ಆ ಗೈಡು ಈಗಲೂ ನಮ್ಮನೆಯಲ್ಲಿದೆ.

ಕೊನೆಗೂ ಬಡ್ತಿ ಬಂತು, ಮೊಳಕಾಲ್ಮೂರಿಗೆ! ಮಗ ಹತ್ತನೇ ಕ್ಲಾಸು. "ವೈಯಕ್ತಿಕ ಕಾರಣದಿಂದ ಬಡ್ತಿ ಬೇಡ" ಎಂದು ಒಂದೂವರೆ ಸಾಲು ಬರೆದುಕೊಟ್ಟು ಬಂದಳು. ಸಂಜೆ ಏನೂ ಆಗದವಳ ಹಾಗೆ ಮಂಡಕ್ಕಿ ಒಗ್ಗರಣೆ ಹಾಕಿದಳು. ಜೊತೆಗೆ ಸೇರಿದವರೂ ದೂರದ ಊರಿಗೇ ಹೋಗಿದ್ದರು. ಅವರು ಒಬ್ಬರೇ ರೂಮು ಮಾಡಿಕೊಂಡು ಇದ್ದು ಬಂದರು. ಮನೆ, ಮಕ್ಕಳನ್ನು ನೋಡಿಕೊಳ್ಳಲು ಹೆಂಡತಿ ಇದ್ದರು. ಅಕ್ಕನಿಗೆ ಹೆಂಡತಿ ಇರಲಿಲ್ಲ ನೋಡಿ.

ಇದರಲ್ಲಿ ಯಾರೂ ಮೋಸ ಮಾಡಲಿಲ್ಲ, ನಿಯಮವೂ ಮುರಿಯಲಿಲ್ಲ. ಆದರೂ ಇವತ್ತು ಇಬ್ಬರ ಮೂಲವೇತನ ಬೇರೆ. ತುಟ್ಟಿಭತ್ಯೆ, ಮನೆಬಾಡಿಗೆ ಭತ್ಯೆ ಎಲ್ಲ ಮೂಲವೇತನದ ಮೇಲೇ ಲೆಕ್ಕ. ಹಳೇ ಪಿಂಚಣಿಯಾದರೆ ಕೊನೆಯ ಮೂಲವೇತನದ ಅರ್ಧ. 2006ರ ಏಪ್ರಿಲ್‌ನಿಂದೀಚೆಗೆ ಸೇರಿದವರ ಎನ್‌ಪಿಎಸ್ (ಹೊಸ ಪಿಂಚಣಿ ಯೋಜನೆ) ವಂತಿಗೆಯೂ ಅದರ ಮೇಲೇ. ಸಂಬಳದ ವ್ಯತ್ಯಾಸ ನಿವೃತ್ತಿಯಾದ ಮೇಲೂ ಬೆನ್ನು ಬಿಡುವುದಿಲ್ಲ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಮೆರಿಕದ ಕ್ಲಾಡಿಯಾ ಗೋಲ್ಡಿನ್ ಅಲ್ಲಿನ ಲೆಕ್ಕ ಹಿಡಿದು ತೋರಿಸಿದ್ದೂ ಹೆಚ್ಚುಕಮ್ಮಿ ಇದನ್ನೇ: ಮೊದಲ ಮಗು ಹುಟ್ಟಿದ ಮೇಲೆ ಅಂತರ ಬೆಳೆಯುತ್ತದೆ.

2021ರಲ್ಲಿ ನಮ್ಮ ರಾಜ್ಯದ ಮಹಿಳಾ ನೌಕರರಿಗೆ 180 ದಿನದ ಶಿಶುಪಾಲನಾ ರಜೆ ಸಿಕ್ಕಿತು. ಒಳ್ಳೇದೇ. ಕೇಂದ್ರದಲ್ಲಿ ಅದು 730 ದಿನ.

ಇನ್ನು ಓದಿನ ಮಾತು. ಓದು ಬಾಗಿಲು ತೆರೆಯುತ್ತದೆ, ನಿಜ. ಆದರೆ ಸಂಬಳ ಬರುವುದು ಹುದ್ದೆಗೆ. ಎಸ್‌ಡಿಎಗೆ ಪಿಯುಸಿ ಸಾಕು. ಆ ಕುರ್ಚಿಯಲ್ಲಿ ಎಂ.ಎ. ಆದವರು ಕೂತರೂ ಅದೇ 34,100. ನಿಮ್ಮ ಮಗಳ ಎಂ.ಎ.ಗೆ ಬಿಡಿಗಾಸು ಜಾಸ್ತಿ ಸಿಗುತ್ತಿಲ್ಲ ಎಂದು ನೀವೇ ಬರೆದಿದ್ದೀರಿ, ಅಲ್ವಾ?

ನಿಮ್ಮ ಪತ್ರದಲ್ಲಿ ಬಾರದ ಇನ್ನೊಂದು ಗುಂಪಿದೆ. 1975ರಲ್ಲಿ ಶುರುವಾದ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ ಯೋಜನೆ) ಅಂಗನವಾಡಿಗಳದ್ದು. ಕೆಲಸ ಸರ್ಕಾರದ್ದು, ಮಾಡುವವರೆಲ್ಲ ಹೆಂಗಸರು, ಸಿಗುವುದು ಗೌರವಧನ. ಶ್ರೇಣಿ ಇಲ್ಲ. ಪಿಯುಸಿ ಆದವರಿಗೂ ಡಿಗ್ರಿ ಆದವರಿಗೂ ವ್ಯತ್ಯಾಸ ಇಲ್ಲ. ಅವರಿಗೆ ಗ್ರಾಚುಟಿ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ ಹೇಳಲು 2022 ಬರಬೇಕಾಯಿತು. ಅದಕ್ಕೆ ಸಂಬಳ ಅಂತ ಹೆಸರೇ ಇಟ್ಟಿಲ್ಲವಲ್ಲ, ಸಂಬಳದ ಅಂತರದ ಲೆಕ್ಕಕ್ಕೆ ಅದು ಸಿಗುವುದಾದರೂ ಹೇಗೆ?

ಒಂದು ಕೆಲಸ ಮಾಡಿ ಮೇಷ್ಟ್ರೇ. ಮಗಳು, ಅಳಿಯ ಹಬ್ಬಕ್ಕೆ ಬಂದಾಗ ಇಬ್ಬರ ಈ ತಿಂಗಳ ಸಂಬಳದ ಸ್ಲಿಪ್ಪು ಕೇಳಿ ಪಕ್ಕಪಕ್ಕ ಇಟ್ಟು ನೋಡಿ. ಇಲಾಖಾ ಪರೀಕ್ಷೆ ಯಾರು ಯಾವಾಗ ಪಾಸಾದರು ಅಂತಲೂ ಕೇಳಿ. ಎರಡೂ ಒಂದೇ ಇದ್ದರೆ ಒಂದು ಕಾರ್ಡು ಹಾಕಿ. ಮುಂದಿನ ಸಂಚಿಕೆಯಲ್ಲಿ ಅದನ್ನೇ ಮೊದಲ ಪತ್ರವಾಗಿ ಹಾಕುತ್ತೇನೆ.

— ಸಂಪಾದಕ