ಕಿರುಚಾಟದ ಹಾರರ್ ನೋಡಿ ಬೇಜಾರಾಗಿದ್ದರೆ ಮುಂದೆ ಯಾವುದನ್ನು ನೋಡಬಹುದು?

ಕಿವಿ ಹರಿಯುವ ಸದ್ದು, ಬಾಗಿಲ ಸಂದಿಯಿಂದ ಹಾರಿ ಬರುವ ದೆವ್ವ, ಹಾರರ್ ಅಂದ್ರೆ ಇಷ್ಟೇನಾ, ಬೇರೆ ಬಗೆಯವು ಯಾವುವು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ.

ನಾನು ಶಿರಸಿ ಕಡೆಯವನು. ನಮ್ಮ ಅಡಿಕೆ ತೋಟದ ಮೂಲೆಯಲ್ಲಿ ಚೌಡಿ ಅನ್ನುವ ಗ್ರಾಮದೇವತೆಯ ಒಂದು ಕಲ್ಲಿದೆ. ಮುಸ್ಸಂಜೆಯಾದರೆ ಅಮ್ಮಮ್ಮ "ಆ ಬದಿಗೆ ಹೋಗಡ ತಮಾ" ಅನ್ನುತ್ತಿದ್ದಳು. ಯಾಕೆ ಅಂತ ಒಂದು ಸಲವೂ ಹೇಳಲಿಲ್ಲ. ಅವಳು ಹೇಳದೆ ಬಿಟ್ಟದ್ದೇ ನನಗೆ ಇವತ್ತಿಗೂ ಭಯ. ಹಾಗಾಗಿ ಜಾಗದಿಂದಲೇ ಹುಟ್ಟುವ ಭಯ ನನಗೆ ಜಾಸ್ತಿ ಇಷ್ಟ. ಊರು, ಕಾಡು, ಹಳೇ ನಂಬಿಕೆ ಇವುಗಳ ಸುತ್ತ ಬೆಳೆಯುವ ಈ ಬಗೆಗೆ ಫೋಕ್ ಹಾರರ್ ಅನ್ನುತ್ತಾರೆ. ನೀವೂ ಇಲ್ಲಿಂದಲೇ ಶುರು ಮಾಡಿ.

ಮೊದಲು ಹಿಂದಿಯ ‘ತುಂಬಾಡ್’ (2018). ಕೊಂಕಣದ ಒಂದು ಹಳ್ಳಿ, ಪಾಳು ವಾಡೆ, ಅದರೊಳಗೆ ಬಚ್ಚಿಟ್ಟ ನಿಧಿ, ಅದನ್ನು ಕಾಯುವ ಹಸ್ತರ್ ಎಂಬ ಶಾಪಗ್ರಸ್ತ ದೇವರು. ಮಳೆ ನಿಲ್ಲುವುದೇ ಇಲ್ಲ. ನಮ್ಮ ಕಡೆಯವರಿಗೆ ಆ ಮಳೆ ಗೊತ್ತು. ಪಾಚಿ ಹಿಡಿದ ಮೆಟ್ಟಿಲು, ಒಣಗದ ಬಟ್ಟೆಯ ವಾಸನೆ, ಹಗಲಲ್ಲೂ ಕತ್ತಲು ಕವಿದ ಒಳಮನೆ. ಭಯ ಹಸ್ತರ್‌ನಿಂದ ಶುರುವಾಗುತ್ತದೆ, ಆದರೆ ಕೊನೆಗೆ ಮನಸ್ಸಲ್ಲಿ ಉಳಿಯುವುದು ಅಪ್ಪನ ಆಸೆ ಮಗನಿಗೂ ಅಂಟುವ ರೀತಿ. ಹಿಟ್ಟಿನ ಗೊಂಬೆ ಹಿಡಿದು ಅವರು ಬಾವಿಗೆ ಇಳಿಯುವ ದೃಶ್ಯವನ್ನು ನಾನು ಇನ್ನೂ ಮರೆತಿಲ್ಲ.

ಅದಾದ ಮೇಲೆ ಮಲಯಾಳಂನ ‘ಭ್ರಮಯುಗಂ’ (2024). ಪೂರ್ತಿ ಕಪ್ಪು ಬಿಳುಪು. ದಾರಿ ತಪ್ಪಿದ ಒಬ್ಬ ಹಾಡುಗಾರ ಹಳೇ ಮನೆಯೊಂದಕ್ಕೆ ಬರುತ್ತಾನೆ. ಯಜಮಾನ ಮಮ್ಮುಟ್ಟಿ ಊಟ ಹಾಕುತ್ತಾನೆ, ಪಗಡೆಗೆ ಕೂರಿಸುತ್ತಾನೆ, ಹೊರಗೆ ಮಾತ್ರ ಬಿಡುವುದಿಲ್ಲ. ಉಣ್ಣಿಸಿದವನ ಋಣವೇ ಬೇಡಿ ಆಗುವುದನ್ನು ಇಷ್ಟು ಚೆನ್ನಾಗಿ ಬೇರೆಲ್ಲೂ ನೋಡಿಲ್ಲ. ಇಂಗ್ಲಿಷ್‌ನಲ್ಲಾದರೆ ‘ದಿ ವಿಚ್’ (2015) ನೋಡಿ. ಊರು ಬಿಟ್ಟು ಕಾಡಂಚಿಗೆ ಬಂದ ಒಂದು ಕುಟುಂಬ ಒಬ್ಬರ ಮೇಲೊಬ್ಬರು ಸಂಶಯ ಪಡುತ್ತಲೇ ಹಾಳಾಗುತ್ತದೆ.

ಇನ್ನೊಂದು ಬಗೆ ಮನಸ್ಸಿನ ಭಯದ್ದು, ಸೈಕಲಾಜಿಕಲ್ ಹಾರರ್. ಇದರಲ್ಲಿ ಮಲಯಾಳಂನ ‘ಭೂತಕಾಲಂ’ (2022) ಬಿಡಲೇಬೇಡಿ. ಅಜ್ಜಿ ತೀರಿಹೋದ ಮನೆಯಲ್ಲಿ ತಾಯಿ ಮಗ ಇಬ್ಬರೇ. ಮಗನಿಗೆ ಕಾಣುವುದು ದೆವ್ವವೋ, ಖಿನ್ನತೆಯೋ? ತುಂಬ ಹೊತ್ತು ನಮಗೂ ತಿಳಿಯುವುದಿಲ್ಲ. ರೇವತಿ ಅಭಿನಯ ನೋಡಿ ನಾನು ಅತ್ತಿದ್ದೇನೆ. ಕನ್ನಡದ ‘ಆಪ್ತಮಿತ್ರ’ (2004) ನೀವು ನೋಡಿಯೇ ಇರುತ್ತೀರಿ. ಅದರ ಮೂಲ, 1993ರ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’, ನಟಿ ಶೋಭನಾಗಾಗಿ ಒಮ್ಮೆ ನೋಡಿ.

ಪಾತ್ರಗಳೇ ಕ್ಯಾಮೆರಾ ಹಿಡಿದಂತೆ ತೆಗೆಯುವುದು ಫೌಂಡ್ ಫೂಟೇಜ್. ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ (1999) ಮಾಟಗಾತಿಯನ್ನು ಒಮ್ಮೆಯೂ ತೋರಿಸುವುದಿಲ್ಲ. ಕನ್ನಡದಲ್ಲಿ ‘6-5=2’ (2013) ಇದೆ, ಚಾರಣಕ್ಕೆ ಹೋದ ಗೆಳೆಯರ ಕಥೆ. ದೇವಿಮನೆ ಘಟ್ಟದ ಕಾಡಲ್ಲಿ ಕತ್ತಲಾಗುವ ಹೊತ್ತಿಗೆ ದಾರಿ ತಪ್ಪಿದವರಿಗೆ ಇವೆರಡೂ ಬೇಗ ನಾಟುತ್ತವೆ.

ಚಾಕು ಹಿಡಿದು ಅಟ್ಟಿಸಿಕೊಂಡು ಬರುವ ಸ್ಲ್ಯಾಷರ್‌ನಲ್ಲಿ ‘ಹ್ಯಾಲೋವೀನ್’ (1978) ಒಂದು ಸಾಕು. ಜೊಂಬಿ ಬೇಕಿದ್ದರೆ ಕೊರಿಯಾದ ‘ಟ್ರೈನ್ ಟು ಬುಸಾನ್’ (2016). ಸುಮ್ನೆ ರಕ್ತ ಚೆಲ್ಲುವ ಚಿತ್ರಗಳನ್ನು ನಾನು ಹೇಳುವುದಿಲ್ಲ, ಅದರಲ್ಲಿ ಹೇಸಿಗೆಯಷ್ಟೇ ಇರುತ್ತದೆ. ಮನೆಮಂದಿಯೆಲ್ಲ ಕೂತು ನಗಬೇಕಾದರೆ ಕನ್ನಡದ ಹಾರರ್ ಕಾಮಿಡಿ ‘ಸು ಫ್ರಂ ಸೋ’ (2025) ಹಾಕಿ.

‘ತುಂಬಾಡ್’ ಮಾತ್ರ ಬೇಸಿಗೆಯಲ್ಲಿ ನೋಡಬೇಡಿ. ಜುಲೈವರೆಗೆ ಕಾಯಿರಿ. ಹಂಚಿನ ಮೇಲೆ ಜಡಿಮಳೆ ಬೀಳುವ ರಾತ್ರಿ, ದೀಪ ಆರಿಸಿ, ಮೊಬೈಲು ದೂರ ಇಟ್ಟು ನೋಡಿ. ಆಗ ಪರದೆಯ ಮಳೆ ಯಾವುದು, ಹೊರಗಿನದು ಯಾವುದು ಅಂತ ಗೊತ್ತೇ ಆಗುವುದಿಲ್ಲ.